ಮಾತ್ರೆ ಹೇಗೂ ಎಲ್ಲರಿಗೂ ಕೊಡ್ತಾರೆ, ಮತ್ತೆ ಮೂರನೇ ಕ್ಲಾಸಿನ ಮಕ್ಕಳ ಮಲ ಪರೀಕ್ಷೆ ಯಾಕೆ?

ಮಲೆನಾಡ_ಮೇಷ್ಟ್ರು
ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿದೀನಿ, ಊರಿನ ಹೆಸರು ಬೇಡ. ಜಂತುಹುಳು ಸರ್ವೆಗೆ ನಮ್ಮ ಶಾಲೆ ಹೆಸರು ಬಂದಿದೆ. ಮೂರನೇ ಕ್ಲಾಸಿನ ಮಕ್ಕಳಿಗೆ ಸಂಜೆ ಮುಚ್ಚಳದ ಡಬ್ಬಿ ಕೊಟ್ಟು ಕಳಿಸಬೇಕು, ಬೆಳಿಗ್ಗೆ ಅದರಲ್ಲಿ ಸ್ಯಾಂಪಲ್ ಹಾಕಿಸಿಕೊಂಡು ಬರಬೇಕು. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆಯಲ್ಲಿ ಒಂದೇ ಗಲಾಟೆ. "ಪಾಠ ಬಿಟ್ಟು ಇದೇನ್ರೀ ಹೊಸ ಕೆಲಸ" ಅಂತ ಒಬ್ಬರು, "ನಮ್ಮ ಮಕ್ಕಳು ಗಲೀಜು ಅಂತ ಊರಿಗೆಲ್ಲ ತೋರಿಸೋಕಾ" ಅಂತ ಇನ್ನೊಬ್ಬರು.

ನಿಜ ಹೇಳಬೇಕಂದ್ರೆ ನನಗೂ ಅರ್ಥ ಆಗಿಲ್ಲ. ಫೆಬ್ರುವರಿ 10, ಆಗಸ್ಟ್ 10, ವರ್ಷಕ್ಕೆ ಎರಡು ಸಲ ಜಂತುಹುಳುವಿನ ಮಾತ್ರೆ ಆಲ್ಬೆಂಡಜೋಲ್ ಕೊಡ್ತೀವಿ. ಹುಳ ಇರಲಿ ಬಿಡಲಿ, ಎಲ್ಲರಿಗೂ ಒಂದೇ ಮಾತ್ರೆ. ಪರೀಕ್ಷೆಯೇ ಇಲ್ಲದೆ ಕೊಡೋ ಮಾತ್ರೆಗೆ ಈಗ ಪರೀಕ್ಷೆ ಯಾಕೆ? ಅದೂ ಮೂರನೇ ಕ್ಲಾಸೇ ಯಾಕೆ? ತಿಳಿದವರು ಹೇಳಿ. ಶನಿವಾರ ಪೋಷಕರ ಸಭೆ ಇದೆ, ಏನಾದರೂ ಉತ್ತರ ಇಟ್ಕೊಂಡು ಹೋಗಬೇಕು.

ಹಳ್ಳಿಹೈದ
ಬಂದ ದುಡ್ಡು ಖರ್ಚಾಗಬೇಕಲ್ಲ ಸಾರ್, ಅದಕ್ಕೆ.

ಲ್ಯಾಬ್_ಲಲಿತ
ಹೈದ ಅವರೇ, ಸ್ವಲ್ಪ ತಡೀರಿ. ನಾನು ಇಂಥ ಸರ್ವೆಗಳಲ್ಲಿ ಮೈಕ್ರೋಸ್ಕೋಪ್ ಮುಂದೆ ಕೂತವಳು.

ಮೇಷ್ಟ್ರೇ, ಒಂದೊಂದು ಮಗುವನ್ನ ಪರೀಕ್ಷೆ ಮಾಡಿ ಮಾತ್ರೆ ಕೊಡೋದು ದುಬಾರಿ. ಮಾತ್ರೆ ಅಗ್ಗ, ಪರೀಕ್ಷೆ ತುಟ್ಟಿ. ಅದಕ್ಕೇ ಎಲ್ಲರಿಗೂ ಕೊಡೋದು. ಆದರೆ ಯಾವ ಪ್ರದೇಶದಲ್ಲಿ ಕೊಡಬೇಕು, ವರ್ಷಕ್ಕೆ ಎಷ್ಟು ಸಲ, ಕೊಟ್ಟ ಮೇಲೆ ಹುಳ ಕಡಿಮೆ ಆಯ್ತಾ ಇಲ್ವಾ, ಇದು ಯಾರಿಗೆ ಗೊತ್ತಾಗಬೇಕು? ಅದಕ್ಕೆ ನಕ್ಷೆ, ಅಂದ್ರೆ ಎಲ್ಲಿ ಎಷ್ಟು ಮಕ್ಕಳಿಗೆ ಹುಳ ಇದೆ ಅನ್ನೋ ಲೆಕ್ಕ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ ಹೀಗಿದೆ: ಶಾಲಾ ಮಕ್ಕಳಲ್ಲಿ ನೂರಕ್ಕೆ 50ಕ್ಕಿಂತ ಹೆಚ್ಚು ಜನರಿಗೆ ಸೋಂಕಿದ್ದರೆ ವರ್ಷಕ್ಕೆ ಎರಡು ಸಲ, 20ರಿಂದ 50 ಇದ್ದರೆ ಒಂದು ಸಲ, 20ಕ್ಕಿಂತ ಕಡಿಮೆ ಇದ್ದರೆ ಸಾಮೂಹಿಕ ಮಾತ್ರೆಯ ಅಗತ್ಯವೇ ಇಲ್ಲದಿರಬಹುದು.

ಮೂರನೇ ಕ್ಲಾಸ್ ಅಂದ್ರೆ 8ರಿಂದ 10 ವರ್ಷ. ಜಂತುಹುಳುಗಳಲ್ಲಿ ದುಂಡುಹುಳು, ಚಾಟಿಹುಳು ಎರಡೂ ಜೋರಾಗಿರೋ ವಯಸ್ಸು ಅದೇ. ಮಣ್ಣಲ್ಲಿ ಆಡ್ತಾರೆ, ಉಗುರು ಕಚ್ತಾರೆ. ಮತ್ತೆ ಆ ಮಕ್ಕಳು ಇನ್ನೂ ಎರಡು ವರ್ಷ ಅದೇ ಶಾಲೇಲಿರ್ತಾರೆ, ಮರುಪರೀಕ್ಷೆಗೆ ಸಿಗ್ತಾರೆ. ಒಂದೇ ಥರದ ಹವೆ, ಮಣ್ಣು ಇರೋ ಒಂದು ವಲಯಕ್ಕೆ ಐದು ಶಾಲೆ, ಶಾಲೆಗೆ 50 ಮಕ್ಕಳು, ಒಟ್ಟು 250 ಜನ ಸಾಕು ಅನ್ನೋದು ಹಳೇ ಸೂತ್ರ. ನಿಮ್ಮ ಶಾಲೆ ಗಲೀಜು ಅಂತ ಆರಿಸಿದ್ದಲ್ಲ, ಪಟ್ಟಿಯಲ್ಲಿ ಚೀಟಿ ಎತ್ತಿದ ಹಾಗೆ ಬಂದಿರೋದು.

ಧಾರವಾಡದಾಂವ
250 ಹುಡುಗರನ್ನ ನೋಡಿ ಇಡೀ ವಲಯದ ಹೊಟ್ಟಿ ಹೇಳ್ತಾರಂದ್ರ ಹೆಂಗ್ರಿ? ನಮ್ಮ ತಾಲೂಕಿನಾಗ ಎರಡು ಊರಿಗೆ ಎರಡು ನಮೂನಿ ನೀರು.

ಅಂಕಿ_ಗಣಪ
ಅನ್ನ ಬೆಂದಿದೆಯಾ ನೋಡೋಕೆ ಒಂದು ಅಗುಳು ಸಾಕಲ್ವಾ ಸ್ವಾಮಿ.

ಧಾರವಾಡದಾಂವ
ಒಂದು ಗಡಿಗಿ ಅನ್ನಕ್ಕ ಒಂದು ಅಗಳು ಸಾಕು. ಹತ್ತು ಮನಿ ಗಡಿಗಿಗೆ ಒಂದೇ ಅಗಳು ಹಿಚುಕಿ ನೋಡಿದ್ರ ಏನು ತಿಳೀತದ?

ಅಂಕಿ_ಗಣಪ
😄 ಸರಿಯಾಗಿ ಕೊಟ್ರಿ. ವಿಷಯ ಅಲ್ಲೇ ಇದೆ. ಸ್ವಲ್ಪ ಹಿನ್ನೆಲೆ ಹೇಳ್ತೀನಿ, ಉದ್ದ ಆಗತ್ತೆ.

ರಾಷ್ಟ್ರೀಯ ಜಂತುಹುಳು ನಿವಾರಣಾ ದಿನ ಶುರುವಾಗಿದ್ದು 2015ರ ಫೆಬ್ರುವರಿಯಲ್ಲಿ, 11 ರಾಜ್ಯ ಮತ್ತು ಕೇಂದ್ರಾಡಳಿತ ಪ್ರದೇಶಗಳಲ್ಲಿ. ಆ ಸಲ 8.9 ಕೋಟಿ ಮಕ್ಕಳಿಗೆ ಮಾತ್ರೆ ಹೋಯ್ತು. ಮರುವರ್ಷ ದೇಶದ ಉದ್ದಗಲಕ್ಕೂ ಬಂತು. ನಮ್ಮ ದೇಶದಲ್ಲಿ 1ರಿಂದ 14 ವರ್ಷದ ಸುಮಾರು 24 ಕೋಟಿ ಮಕ್ಕಳಿಗೆ ಅಪಾಯ ಇದೆ ಅನ್ನೋದು ಆಗ ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಾಗಿತ್ತು. ಅಂದರೆ ಮಾತ್ರೆ ಮೊದಲು ಬಂತು, ನಕ್ಷೆ ಆಮೇಲೆ ಪೂರ್ತಿ ಆಯ್ತು! ರಾಷ್ಟ್ರೀಯ ರೋಗ ನಿಯಂತ್ರಣ ಕೇಂದ್ರದ ಮುಂದಾಳತ್ವದಲ್ಲಿ ರಾಜ್ಯವಾರು ನಕ್ಷೆ ಮುಗಿದದ್ದು 2016ರ ಕೊನೆಗೆ. ಅದರಲ್ಲಿ ಹುಳ ಇದ್ದ ಮಕ್ಕಳು ಮಧ್ಯಪ್ರದೇಶದಲ್ಲಿ ಶೇ. 12.5, ತಮಿಳುನಾಡಿನಲ್ಲಿ ಶೇ. 85. ಈ ನಕ್ಷೆ ನೋಡಿಯೇ ರಾಜಸ್ಥಾನ, ಮಧ್ಯಪ್ರದೇಶಕ್ಕೆ ವರ್ಷಕ್ಕೊಂದು ಸಲ, ಉಳಿದವರಿಗೆ ಎರಡು ಸಲ ಅಂತ ಮಾಡಿದ್ದು.

ಆಮೇಲೆ ಮರುಸರ್ವೆಗಳು ನಡೆದವು. ಛತ್ತೀಸಗಢ 2016ರಲ್ಲಿ 74.6 ಇದ್ದದ್ದು 2018ಕ್ಕೆ 13.9. ಸಿಕ್ಕಿಂ 80.4ರಿಂದ 2019ಕ್ಕೆ 50.9. ರಾಜಸ್ಥಾನ 2013ರಲ್ಲಿ 21.1, 2019ರಲ್ಲಿ 1ಕ್ಕಿಂತ ಕಡಿಮೆ. ಇಷ್ಟೆಲ್ಲ ಹೇಳಿದ ಮೇಲೆ ಆಂಧ್ರಪ್ರದೇಶ ನೋಡಿ: 36ರಿಂದ 34.3. ವರ್ಷ ವರ್ಷ ಮಾತ್ರೆ ನುಂಗಿಸಿ ಬರೀ ಅಷ್ಟು. ಮೇಷ್ಟ್ರೇ, ಮಲ ಪರೀಕ್ಷೆ ಮಾಡದೇ ಇದ್ದಿದ್ದರೆ ಛತ್ತೀಸಗಢಕ್ಕೂ ಆಂಧ್ರಕ್ಕೂ ಒಂದೇ ಥರ "ಇಷ್ಟು ಕೋಟಿ ಮಾತ್ರೆ ಹಂಚಿದೆವು" ಅಂತ ವರದಿ ಹೋಗಿರೋದು. ನಿಮ್ಮ ಪ್ರಶ್ನೆಗೆ ನನ್ನ ಪ್ರಕಾರ ಇದೇ ಉತ್ತರ.

ಹಳ್ಳಿಹೈದ
ತಮಿಳುನಾಡು 85? ಆಸ್ಪತ್ರೆ, ಶಾಲೆ ಎಲ್ಲದರಲ್ಲೂ ಮುಂದೆ ಅಂತಾರೆ. ಮಧ್ಯಪ್ರದೇಶ 12? ಏನೋ ಉಲ್ಟಾ ಬರೆದಿರಬೇಕು.

ಅಂಕಿ_ಗಣಪ
ಉಲ್ಟಾ ಅಲ್ಲ. ಹುಳಕ್ಕೆ ಸಾಕ್ಷರತೆ ಗೊತ್ತಿಲ್ಲ, ಮಣ್ಣು ಗೊತ್ತು.

ಡಾಕ್ಟರ್_ಪಿಎಚ್‌ಸಿ
ಗಣಪ ಅವರ ಮಾತಿಗೆ ಒಂದಿಷ್ಟು ಸೇರಿಸ್ತೀನಿ. ದುಂಡುಹುಳುವಿನ ಒಂದು ಹೆಣ್ಣು ದಿನಕ್ಕೆ ಸುಮಾರು ಎರಡು ಲಕ್ಷ ಮೊಟ್ಟೆ ಇಡತ್ತೆ. ಆ ಮೊಟ್ಟೆ ಮಲದ ಜೊತೆ ಹೊರಗೆ ಬಿದ್ದ ತಕ್ಷಣ ಸೋಂಕು ತರಲ್ಲ, ತೇವದ ಮಣ್ಣಲ್ಲಿ ಕೆಲವು ವಾರ ಬಲಿಯಬೇಕು. ನೆರಳು, ತೇವ ಸಿಕ್ಕರೆ ವರ್ಷಗಟ್ಟಲೆ ಉಳಿಯೋ ತಾಕತ್ತು ಅದಕ್ಕಿದೆ. ಕೊಕ್ಕೆಹುಳದ ಮರಿ ಇನ್ನೂ ನಾಜೂಕು, ಮರಳು ಮಿಶ್ರಿತ ತೇವದ ಮಣ್ಣು ಬೇಕು. ಬರಿಗಾಲಿನ ಚರ್ಮ ಕೊರೆದು ಒಳಗೆ ಹೋಗೋದು ಅದು. ಬಿರುಬಿಸಿಲಿಗೆ ಕಾದ ಒಣ ನೆಲದಲ್ಲಿ ಎರಡಕ್ಕೂ ಬಾಳ್ವೆ ಕಷ್ಟ. ರಾಜಸ್ಥಾನದಲ್ಲಿ ಮೊದಲೇ ಕಡಿಮೆ ಇದ್ದದ್ದಕ್ಕೆ ಆ ನೆಲದ ಪಾಲು ದೊಡ್ಡದು, ಮಾತ್ರೆಯೊಂದೇ ಕಾರಣ ಅಲ್ಲ.

ಆದರೆ ಧಾರವಾಡದವರು ಹೇಳಿದ್ದು ನೂರಕ್ಕೆ ನೂರು ಸರಿ. ರಾಜ್ಯಕ್ಕೊಂದು ಸಂಖ್ಯೆ ಅನ್ನೋದು ಆಡಳಿತಕ್ಕೆ ಅನುಕೂಲ, ರೋಗಕ್ಕೆ ಅಲ್ಲ. ನಮ್ಮಲ್ಲೇ ನೋಡಿ, ಆಗುಂಬೆ ಘಾಟಿಯ ಕೆಳಗೂ ಮೇಲೂ ಇರೋ ನೆಲ, ಚಿತ್ರದುರ್ಗದ ಕೆಂಪು ಒಣ ನೆಲ, ರಾಯಚೂರಿನ ಬಿಸಿಲು, ಎಲ್ಲ ಸೇರಿಸಿ ಒಂದು ಸರಾಸರಿ ತೆಗೆದರೆ ಅದು ಯಾವ ಊರಿನದೂ ಅಲ್ಲ.

ಮಲೆನಾಡ_ಮೇಷ್ಟ್ರು
ಎಲ್ಲರಿಗೂ ಥ್ಯಾಂಕ್ಸ್. ಒಂದು ಅನುಮಾನ. ನಮ್ಮ ಮಕ್ಕಳಿಗೆ ಮಾತ್ರೆ ಕೊಟ್ಟು ಬಹಳ ತಿಂಗಳಾಗಿಲ್ಲ. ಈಗ ಪರೀಕ್ಷೆ ಮಾಡಿದರೆ ಹುಳ ಹೇಗೆ ಸಿಗತ್ತೆ?

ಲ್ಯಾಬ್_ಲಲಿತ
ಸಿಗತ್ತೆ. ಮಾತ್ರೆ ಹೊಟ್ಟೆಯಲ್ಲಿರೋದನ್ನ ಕೊಲ್ಲತ್ತೆ, ಮಣ್ಣಲ್ಲಿರೋದನ್ನ ಅಲ್ಲ. ಮಗು ಅದೇ ಅಂಗಳಕ್ಕೆ ವಾಪಸ್ ಹೋಗತ್ತೆ. ದುಂಡುಹುಳು ಒಂದು ವರ್ಷದೊಳಗೆ ಬಹುಮಟ್ಟಿಗೆ ಹಳೇ ಮಟ್ಟಕ್ಕೇ ಬಂದುಬಿಡತ್ತೆ ಅಂತ ಬೇರೆ ಬೇರೆ ದೇಶಗಳ ಅಧ್ಯಯನಗಳು ಹೇಳ್ತಾವೆ. ಕೊಕ್ಕೆಹುಳ ಸ್ವಲ್ಪ ನಿಧಾನ.

ಇನ್ನೊಂದು, ಒಂದು ಡೋಸ್ ಆಲ್ಬೆಂಡಜೋಲ್ ಎಲ್ಲ ಹುಳಕ್ಕೂ ಸಮ ಅಲ್ಲ. ದುಂಡುಹುಳುವಿಗೆ ನೂರಕ್ಕೆ 95ರಷ್ಟು ಗುಣ, ಕೊಕ್ಕೆಹುಳಕ್ಕೆ 80ರ ಆಸುಪಾಸು, ಚಾಟಿಹುಳುವಿಗೆ 30 ಬಂದರೆ ದೊಡ್ಡದು. ಹಾಗಾಗಿ ಯಾವ ಊರಲ್ಲಿ ಯಾವ ಹುಳ ಅನ್ನೋದೂ ನಕ್ಷೆಯಲ್ಲಿ ಬೇಕು. ಚಾಟಿಹುಳುವಿನ ಊರಿಗೆ ಒಂದೇ ಮಾತ್ರೆ ಕೊಡ್ತಾ ಕೂತರೆ ಮೇಷ್ಟ್ರಿಗೂ ಆಶಾ ಅಕ್ಕಂದಿರಿಗೂ ಸುಸ್ತಾಗತ್ತೆ, ಹುಳಕ್ಕಲ್ಲ.

ಇಬ್ಬರ_ಅಮ್ಮ
ನನ್ನ ಮಗಳು ರಾತ್ರಿ ಹಲ್ಲು ಕಡೀತಾಳೆ, ಹಿಂದೆ ತುರಿಕೆ ಅಂತ ಎದ್ದು ಕೂರ್ತಾಳೆ. ನಮ್ಮತ್ತೆ ಬೆಲ್ಲ ಜಾಸ್ತಿ ತಿಂದಿದ್ದಕ್ಕೆ ಹುಳ ಆಗಿದೆ ಅಂತಾರೆ. ಈ ಸರ್ವೆ ನಮ್ಮ ಶಾಲೆಗೂ ಬಂದರೆ ಗೊತ್ತಾಗತ್ತಾ?

ಡಾಕ್ಟರ್_ಪಿಎಚ್‌ಸಿ
ಇಲ್ಲಮ್ಮ. ನೀವು ಹೇಳ್ತಿರೋ ತುರಿಕೆ ದಾರದ ಥರದ ಸಣ್ಣ ಬಿಳಿ ಹುಳದ್ದಿರಬಹುದು. ಅದು ರಾತ್ರಿ ಗುದದ ಸುತ್ತ ಚರ್ಮದ ಮೇಲೆ ಮೊಟ್ಟೆ ಇಡೋದರಿಂದ ಮಲದಲ್ಲಿ ಸಾಮಾನ್ಯವಾಗಿ ಕಾಣಲ್ಲ. ಬೆಳಿಗ್ಗೆ ಎದ್ದ ಕೂಡಲೇ, ತೊಳೆಯೋ ಮುಂಚೆ, ಅಂಟು ಟೇಪ್ ಒತ್ತಿ ತೆಗೆದು ನೋಡಬೇಕು. ಇದು ಮಣ್ಣಿಂದ ಬರೋದಲ್ಲ, ಮಗುವಿಂದ ಮಗುವಿಗೆ, ಹಾಸಿಗೆಯಿಂದ ಹಾಸಿಗೆಗೆ. ಮನೆಯವರೆಲ್ಲ ಒಟ್ಟಿಗೆ ಔಷಧಿ ತಗೋಬೇಕು, ಎರಡು ವಾರ ಬಿಟ್ಟು ಮತ್ತೊಮ್ಮೆ. ಹತ್ತಿರದ ಡಾಕ್ಟರಿಗೆ ತೋರಿಸಿ.

ಬೆಲ್ಲದಿಂದ ಹುಳ ಹುಟ್ಟಲ್ಲ. ಹಲ್ಲು ಕಡಿಯೋದಕ್ಕೂ ಹುಳಕ್ಕೂ ಗಟ್ಟಿ ಸಂಬಂಧ ತೋರಿಸಿದವರಿಲ್ಲ. ಅತ್ತೆಯವರ ಜೊತೆ ಜಗಳ ಬೇಡ, ಸುಮ್ಮನೆ ಉಗುರು ಕತ್ತರಿಸಿ.

ಕರಾವಳಿ_ಕಡಲಮ್ಮ
ನಮ್ಮಲ್ಲಿ ಹಾಗಲಕಾಯಿ ರಸ ಕುಡಿಸ್ತಿದ್ರು, ಆಮೇಲೆ ಹರಳೆಣ್ಣೆ. ಶಾಲೆಗೆ ರಜೆ ಗ್ಯಾರಂಟಿ. ಹುಳ ಹೋಗ್ತಿತ್ತೋ ಇಲ್ಲವೋ, ಉಳಿದದ್ದೆಲ್ಲ ಹೋಗ್ತಿತ್ತು ಮಾರಾಯ್ರೆ.

ಹಳ್ಳಿಹೈದ
ಬೇವಿನ ಚಿಗುರು ಬಿಟ್ರಲ್ಲ.

ಕಾಫಿಕಾಡು
ಎಲ್ಲರೂ ಮಕ್ಕಳು ಮಕ್ಕಳು ಅಂತಿದೀರ. ನಮ್ಮ ಕಡೆ ಎಸ್ಟೇಟ್ ಲೈನ್ ಮನೆಗಳಲ್ಲಿ ಕೂಲಿ ಮಾಡೋ ದೊಡ್ಡವರನ್ನ ನೋಡಿ. ಮಳೆಗಾಲದಲ್ಲಿ ಬರಿಗಾಲಲ್ಲಿ ತೋಟದೊಳಗೆ ಓಡಾಟ, ಶೌಚಕ್ಕೂ ಅದೇ ತೋಟ. ಕಾಲಿನ ಬೆರಳ ಸಂದಿಯಲ್ಲಿ ಕೆಸರು ತುರಿಕೆ ಅಂತಾರೆ, ಅದರಲ್ಲಿ ಎಷ್ಟು ಕೊಕ್ಕೆಹುಳ ಹೊಕ್ಕಿದ ಗುರುತೋ ಏನೋ. ಶಾಲೆಯಲ್ಲಿ ಮಾತ್ರ ನಕ್ಷೆ ಮಾಡಿದರೆ ಇವರು ಎಲ್ಲಿ ಬರ್ತಾರೆ?

ಡಾಕ್ಟರ್_ಪಿಎಚ್‌ಸಿ
ಇದು ಬಹಳ ಮುಖ್ಯವಾದ ಮಾತು. ದುಂಡುಹುಳು, ಚಾಟಿಹುಳು ಮಕ್ಕಳಲ್ಲಿ ಹೆಚ್ಚು. ಕೊಕ್ಕೆಹುಳ ವಯಸ್ಸಾದಂತೆ ಏರುತ್ತಾ ಹೋಗತ್ತೆ, ದೊಡ್ಡವರಲ್ಲೇ ಜಾಸ್ತಿ. ಮಕ್ಕಳಿಗೆ ಕೊಟ್ಟ ಮಾತ್ರೆ ತೋಟದ ಮಣ್ಣಿಗೆ ಬೀಳೋ ಮೊಟ್ಟೆಯನ್ನ ನಿಲ್ಲಿಸಲ್ಲ. ಎಲ್ಲ ವಯಸ್ಸಿನವರಿಗೂ ಮಾತ್ರೆ ಕೊಟ್ಟರೆ ಹರಡೋದೇ ನಿಲ್ಲತ್ತಾ ಅಂತ ನೋಡೋಕೆ ಡಿವರ್ಮ್3 ಅಂತ ದೊಡ್ಡ ಪ್ರಯೋಗ ನಡೀತು, ಬೆನಿನ್, ಮಲಾವಿ ಮತ್ತು ನಮ್ಮ ಪಕ್ಕದ ತಮಿಳುನಾಡಿನಲ್ಲಿ. ತಮಿಳುನಾಡಿನ ಜಾಗ ತಿಮಿರಿ ಮತ್ತು ಜವ್ವಾದು ಬೆಟ್ಟ, ನಡೆಸಿದವರು ವೆಲ್ಲೂರಿನ ಸಿಎಂಸಿ ಆಸ್ಪತ್ರೆಯವರು. ಅಲ್ಲಿ ಸಿಕ್ಕಿದ್ದರಲ್ಲಿ ಕೊಕ್ಕೆಹುಳದ್ದೇ ಕಾರುಬಾರು.

ರಕ್ತಹೀನತೆ ಇರೋ ಬಸುರಿ ಹೆಂಗಸು ನಮ್ಮ ಕೇಂದ್ರಕ್ಕೆ ಬಂದಾಗ ಕಬ್ಬಿಣದ ಮಾತ್ರೆ ಜೊತೆ ಮೂರು ತಿಂಗಳು ತುಂಬಿದ ಮೇಲೆ ಆಲ್ಬೆಂಡಜೋಲ್ ಕೊಡೋದೂ ಇದಕ್ಕೇ. ಕೊಕ್ಕೆಹುಳ ಕರುಳಿಗೆ ಕಚ್ಚಿ ರಕ್ತ ಕುಡಿಯತ್ತೆ, ಜಾತಿ ನೋಡಿಕೊಂಡು ದಿನಕ್ಕೆ ಒಂದು ಹುಳಕ್ಕೆ 0.03ರಿಂದ 0.2 ಮಿ.ಲೀ. ಕಮ್ಮಿ ಅನ್ನಿಸತ್ತಲ್ಲ? ನೂರಾರು ಹುಳ, ವರ್ಷಗಟ್ಟಲೆ ಅಂದ್ರೆ ಲೆಕ್ಕ ಹಾಕಿ.

ಕಲಬುರ್ಗಿ_ಕಾಕಾ
ನಮ್ಮ ಕಡೀ ಆನೆಕಾಲು ರೋಗದ ಗುಳಿಗಿ ಅಂತ ಮನಿ ಮನಿಗೆ ಬಂದು ದೊಡ್ಡವರಿಗೂ ಕೊಡ್ತಿದ್ರಲ್ಲ, ಎರಡು ಥರದ ಗುಳಿಗಿ. ಅದರಾಗ ಒಂದು ಇದೇ ಅಲ್ಬೆಂಡಜೋಲ್ ಅಲ್ಲೇನ್ರಿ?

ಅಂಕಿ_ಗಣಪ
ಹೌದು ಕಾಕಾ, ಡಿಇಸಿ ಅನ್ನೋ ಆನೆಕಾಲು ಮಾತ್ರೆ ಜೊತೆಗೆ ಅದೇ. ಕಲಬುರಗಿ, ಬೀದರ್, ರಾಯಚೂರು, ಯಾದಗಿರಿ ಕಡೆ, ಆಮೇಲೆ ಕರಾವಳಿ ಜಿಲ್ಲೆಗಳಲ್ಲೂ. ಇದೂ ನಕ್ಷೆಗೆ ಒಂದು ತೊಡಕು. ಆನೆಕಾಲು ಕಾರ್ಯಕ್ರಮ ನಡೆದ ಜಿಲ್ಲೆಯಲ್ಲಿ ಊರೇ ಮಾತ್ರೆ ತಿಂದಿದೆ, ಪಕ್ಕದ ಜಿಲ್ಲೆಯಲ್ಲಿ ಶಾಲೆ ಮಕ್ಕಳು ಮಾತ್ರ. ಹೋಲಿಸುವಾಗ ಅದನ್ನ ನೆನಪಿಟ್ಟುಕೊಳ್ಳದಿದ್ದರೆ ಕಡಿಮೆಯಾದ ಹೆಸರು ಯಾರಿಗೋ ಹೋಗತ್ತೆ. ಇನ್ನೊಂದು ಚಿಂತೆ: ಆನೆಕಾಲು ಮುಗೀತು ಅಂತ ಆ ಮಾತ್ರೆ ನಿಲ್ಲಿಸಿದ ಮೇಲೆ ಅಲ್ಲಿ ಜಂತುಹುಳು ಮತ್ತೆ ಏಳತ್ತಾ ಅಂತ ನೋಡ್ತಿರಬೇಕು.

ಹಳ್ಳಿಹೈದ
ಇಷ್ಟು ಹೇಳಿದ ಮೇಲೂ ಕೇಳ್ತೀನಿ. ಮಾತ್ರೆ ಕೊಟ್ಟರೆ ಮಕ್ಕಳು ಗುಂಡಾಗ್ತಾರಾ, ಬುದ್ಧಿ ಬರತ್ತಾ? ಪ್ರಯೋಜನ ಇಲ್ಲ ಅಂತ ದೊಡ್ಡ ವಿಮರ್ಶೆಯೇ ಬಂದಿದೆಯಂತಲ್ಲ.

ಕಿಸುಮು_ಕನ್ನಡಿಗ
ಈ ಜಗಳದ ತವರು ನಾನಿರೋ ದೇಶ, ಅದಕ್ಕೆ ಬಾಯಿ ಹಾಕ್ತೀನಿ. ಕೀನ್ಯಾದ ಪಶ್ಚಿಮದಲ್ಲಿ ಬುಸಿಯಾ ಅಂತ ಇದೆ. 1998ರಲ್ಲಿ ಅಲ್ಲಿ 75 ಶಾಲೆ ಆರಿಸಿ, ಗುಂಪು ಮಾಡಿ, ಒಂದೊಂದು ಗುಂಪಿಗೆ ಒಂದೊಂದು ವರ್ಷ ಮಾತ್ರೆ ಶುರು ಮಾಡಿದರು. ಮೈಕೆಲ್ ಕ್ರೆಮರ್, ಎಡ್ವರ್ಡ್ ಮಿಗೆಲ್ ಬರೆದ ಪ್ರಬಂಧ 2004ರಲ್ಲಿ ಬಂತು. ಗೈರುಹಾಜರಿ ಕಾಲು ಭಾಗ ಇಳೀತು, ಮಾತ್ರೆ ತಿನ್ನದ ಪಕ್ಕದ ಮಕ್ಕಳಿಗೂ ಲಾಭ ಆಯ್ತು ಅಂದರು. ಪರೀಕ್ಷೆಯ ಅಂಕದಲ್ಲಿ ಮಾತ್ರ ವ್ಯತ್ಯಾಸ ಕಾಣಲಿಲ್ಲ. ಕ್ರೆಮರ್‌ಗೆ 2019ರಲ್ಲಿ ಬ್ಯಾನರ್ಜಿ, ಡುಫ್ಲೋ ಜೊತೆ ಅರ್ಥಶಾಸ್ತ್ರದ ನೊಬೆಲ್ ಬಂತು. 2015ರಲ್ಲಿ ಬೇರೆಯವರು ಅದೇ ದತ್ತಾಂಶ ಮತ್ತೆ ಲೆಕ್ಕ ಹಾಕಿ ತಪ್ಪುಗಳಿವೆ ಅಂದಾಗ ದೊಡ್ಡ ಕದನವೇ ನಡೀತು. ಹೈದ ಅವರು ಹೇಳ್ತಿರೋದು ಕಾಕ್ರೇನ್ ವಿಮರ್ಶೆ ಇರಬೇಕು, ಬೇರೆ ಬೇರೆ ಪ್ರಯೋಗಗಳನ್ನ ಒಟ್ಟಿಗೆ ತೂಗಿ ನೋಡೋ ವರದಿ. ಸರಾಸರಿ ತೂಕ, ಹಿಮೋಗ್ಲೋಬಿನ್, ಕಲಿಕೆ ಯಾವುದರಲ್ಲೂ ಹೇಳಿಕೊಳ್ಳುವಂಥ ಸುಧಾರಣೆ ಇಲ್ಲ ಅಂತ ಅದು.

ಇಲ್ಲಿನ ನಕ್ಷೆ ಇನ್ನೂ ಜಟಿಲ. ವಿಕ್ಟೋರಿಯಾ ಸರೋವರದ ದಡದ ಶಾಲೆಗಳಲ್ಲಿ ಮಕ್ಕಳು ನೀರಿಗಿಳಿದರೆ ಬಸವನಹುಳುವಿನಿಂದ ಬರೋ ಬಿಲ್ಹಾರ್ಜಿಯಾ ಅನ್ನೋ ಇನ್ನೊಂದು ಹುಳದ ರೋಗ. ದಡದಿಂದ ದೂರ ಹೋದಂತೆ ಅದು ಇಳಿಯತ್ತೆ. ಇತ್ತ ಸಮುದ್ರ ತೀರಕ್ಕೆ ಹೋದರೆ ಅದರ ಇನ್ನೊಂದು ಜಾತಿ, ಅದಕ್ಕೆ ಮಲ ಅಲ್ಲ, ಮೂತ್ರ ಸೋಸಿ ನೋಡಬೇಕು. ಮಾತ್ರೆಯೂ ಬೇರೆ, ಪ್ರಾಜಿಕ್ವಾಂಟೆಲ್. ನಮ್ಮೂರಲ್ಲಿ ಒಂದು ಡಬ್ಬಿ ಕೊಟ್ಟಿದ್ದಕ್ಕೆ ಗಲಾಟೆ, ಇಲ್ಲಿ ಎರಡು ಡಬ್ಬಿ.

ಡಾಕ್ಟರ್_ಪಿಎಚ್‌ಸಿ
ಕಾಕ್ರೇನ್ ಬಗ್ಗೆ: ಹುಳ ಇಲ್ಲದ ಮಕ್ಕಳನ್ನೂ ಸೇರಿಸಿ ಸರಾಸರಿ ತೆಗೆದರೆ ಲಾಭ ತೆಳುವಾಗತ್ತೆ. ನೂರು ಮಕ್ಕಳಲ್ಲಿ ಹೊಟ್ಟೆ ತುಂಬ ಹುಳ ಇರೋದು ಬೆರಳೆಣಿಕೆಯವರಿಗೆ. ಮೊಟ್ಟೆಯ ಬಹುಪಾಲು ಅವರಿಂದಲೇ. ಕರುಳು ಕಟ್ಟಿಕೊಂಡು ಆಪರೇಷನ್ ಟೇಬಲ್ ಮೇಲೆ ಬರೋದೂ ಅಂಥವರೇ. ಅವರನ್ನ ಹುಡುಕೋ ದಾರಿ ಇಲ್ಲದ್ದಕ್ಕೆ ಎಲ್ಲರಿಗೂ ಕೊಡೋದು. ಈಗಿನ ಜಾಗತಿಕ ಗುರಿಯೂ ಸೊನ್ನೆ ಅಲ್ಲ, ಮಧ್ಯಮ ಮತ್ತು ತೀವ್ರ ಸೋಂಕು 2030ರ ಹೊತ್ತಿಗೆ ಶೇ. 2ಕ್ಕಿಂತ ಕೆಳಗೆ ಬರಬೇಕು ಅನ್ನೋದು.

ಹಳ್ಳಿಹೈದ
ಹಾಗಾದ್ರೆ ಶೇ. 85, ಶೇ. 12 ಅನ್ನೋ ಸಂಖ್ಯೆಗೆ ಬೆಲೆ ಇಲ್ಲ ಅಂದಂಗಾಯ್ತು. ಎಷ್ಟು ಹುಳ ಅನ್ನೋದೇ ಮುಖ್ಯ.

ಹಳೇ_ಪುಸ್ತಕ
ಹೈದ, ಈ ಮಾತನ್ನ ನೂರು ವರ್ಷದ ಹಿಂದೆ ಹೇಳಿದವರಿದ್ದಾರೆ. ಏಸಾ ಚಾಂಡ್ಲರ್ ಅಂತ ಅಮೆರಿಕದ ಪರೋಪಜೀವಿ ತಜ್ಞ. 1920ರ ದಶಕದಲ್ಲಿ ಕಲ್ಕತ್ತೆಯ ಸ್ಕೂಲ್ ಆಫ್ ಟ್ರಾಪಿಕಲ್ ಮೆಡಿಸಿನ್‌ನಲ್ಲಿದ್ದು ಇಂಡಿಯಾದ ಉದ್ದಗಲ ಕೊಕ್ಕೆಹುಳದ ನಕ್ಷೆ ಮಾಡಿದವರು. ಎಷ್ಟು ಜನಕ್ಕಿದೆ ಅಂತ ಬರೀ ಎಣಿಸೋದಲ್ಲ, ಮಲದಲ್ಲಿ ಮೊಟ್ಟೆ ಎಷ್ಟು ಅಂತ ಎಣಿಸಿ ಪ್ರದೇಶ ಪ್ರದೇಶ ಹೋಲಿಸಬೇಕು ಅನ್ನೋದು ಅವರ ದಾರಿ. ಅದಕ್ಕೂ ಮೊದಲು, 1909ರಲ್ಲಿ ಶುರುವಾದ ರಾಕ್‌ಫೆಲರ್ ಆಯೋಗ ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಕೌಂಟಿ ಕೌಂಟಿಗೂ ಶಾಲೆ ಮಕ್ಕಳನ್ನ ಪರೀಕ್ಷಿಸಿತ್ತು. ನೂರಕ್ಕೆ ಸುಮಾರು 40 ಮಕ್ಕಳಲ್ಲಿ ಕೊಕ್ಕೆಹುಳ ಸಿಕ್ಕಿತು. ಅಲ್ಲಿನ ಪೋಷಕರೂ "ನಮ್ಮನ್ನ ಗಲೀಜು ಅಂತೀರಾ" ಅಂತ ಪತ್ರಿಕೆಗಳಲ್ಲಿ ಹರಿಹಾಯ್ದಿದ್ದರು.

ಲ್ಯಾಬ್_ಲಲಿತ
ಈಗಿನ ಸರ್ವೆಯಲ್ಲೂ ಮೊಟ್ಟೆ ಎಣಿಸ್ತೀವಿ ಹೈದ ಅವರೇ. ಕಾಟೋ-ಕಾಟ್ಜ್ ಅಂತ ವಿಧಾನ. ಮಲವನ್ನ ಜಾಲರಿಯಲ್ಲಿ ಸೋಸಿ, ತೂತಿರೋ ಒಂದು ಪಟ್ಟಿಯಲ್ಲಿ ತುಂಬಿದರೆ ಸರಿಯಾಗಿ 41.7 ಮಿಲಿಗ್ರಾಂ ಬರತ್ತೆ. ಗ್ಲಿಸರಿನ್, ಮಲಕೈಟ್ ಗ್ರೀನ್‌ನಲ್ಲಿ ನೆನೆಸಿದ ಸೆಲ್ಲೋಫೇನ್ ಹೊದಿಸಿ ಒತ್ತಬೇಕು. ಎಣಿಸಿದ್ದಕ್ಕೆ 24ರಿಂದ ಗುಣಿಸಿದರೆ ಒಂದು ಗ್ರಾಂನಲ್ಲಿ ಎಷ್ಟು ಮೊಟ್ಟೆ ಅಂತ ಸಿಗತ್ತೆ. ದುಂಡುಹುಳುವಿಗೆ 5,000ದೊಳಗೆ ಇದ್ದರೆ ಸೌಮ್ಯ, 50,000 ದಾಟಿದರೆ ತೀವ್ರ. ಕೊಕ್ಕೆಹುಳಕ್ಕೆ 4,000ಕ್ಕೇ ತೀವ್ರ.

ಕಷ್ಟ ಇರೋದು ಗಡಿಯಾರದಲ್ಲಿ. ಕೊಕ್ಕೆಹುಳದ ಮೊಟ್ಟೆ ತೆಳು ಸಿಪ್ಪೆ. ಸ್ಲೈಡ್ ಮಾಡಿ ಅರ್ಧ ಗಂಟೆ, ಹೆಚ್ಚೆಂದರೆ ಒಂದು ಗಂಟೆಯೊಳಗೆ ನೋಡಬೇಕು. ತಡವಾದರೆ ಗ್ಲಿಸರಿನ್‌ಗೆ ಕರಗಿ ಮಾಯ. ದೂರದ ಹಳ್ಳಿಯಿಂದ ಜೀಪಿನಲ್ಲಿ ಡಬ್ಬಿ ಬರೋ ಹೊತ್ತಿಗೆ ಮಧ್ಯಾಹ್ನ, ಮೇಲೆ ಕರೆಂಟ್ ಇಲ್ಲ. ಆ ದಿನದ ಸ್ಲೈಡಲ್ಲಿ "ಕೊಕ್ಕೆಹುಳ ಇಲ್ಲ" ಅಂತ ಬಂದರೆ ನಾನಂತೂ ನಂಬಲ್ಲ. ಸಣ್ಣ ಪ್ರಮಾಣದ ಸೋಂಕನ್ನ ಈ ವಿಧಾನ ತಪ್ಪಿಸಿಕೊಳ್ಳೋದೂ ಇದೆ. ನಾಲ್ಕು ವರ್ಷ ಮಾತ್ರೆ ತಿಂದ ಊರಲ್ಲಿ ಇರೋದೆಲ್ಲ ಸಣ್ಣ ಸೋಂಕೇ.

ಧಾರವಾಡದಾಂವ
ಅಂದ್ರ ರಾಜಸ್ಥಾನದ "1ಕ್ಕಿಂತ ಕಡಿಮಿ" ಅನ್ನೋದನ್ನೂ ಒಂದು ಚಿಟಿಕಿ ಉಪ್ಪು ಹಾಕ್ಕೊಂಡು ನುಂಗಬೇಕು?

ಅಂಕಿ_ಗಣಪ
ಪೂರ್ತಿ ಸುಳ್ಳು ಅಂತ ನಾನು ಹೇಳಲ್ಲ. ಇಳಿದಿದೆ, ಅದರಲ್ಲಿ ಅನುಮಾನ ಇಲ್ಲ. ಆದರೆ 1 ಅನ್ನೋದು 4 ಇರಬಹುದು. ಪಿಸಿಆರ್ ಥರದ ಪರೀಕ್ಷೆ ಇನ್ನೂ ಸೂಕ್ಷ್ಮ, ಖರ್ಚೂ ಹಾಗೇ. ನನಗೆ ಅದಕ್ಕಿಂತ ಅನುಮಾನ ಇರೋದು ಮಾತ್ರೆ ಹಂಚಿದ ಅಂಕಿಯ ಮೇಲೆ. ಶಾಲೆ ರಿಜಿಸ್ಟರಿನಲ್ಲಿ ಟಿಕ್ ಹಾಕಿದ ಮಕ್ಕಳೆಲ್ಲ ನುಂಗಿದ್ದಾರಾ?

ಮಲೆನಾಡ_ಮೇಷ್ಟ್ರು
ನಮ್ಮ ಮುಂದೆಯೇ ಚೀಪಿಸ್ತೀವಿ ಗಣಪ ಅವರೇ. ಮನೆಗೆ ಕೊಟ್ಟು ಕಳಿಸೋ ಹಾಗಿಲ್ಲ. ಆದರೆ ಆ ದಿನ ಜಾತ್ರೆ ಬಿದ್ದರೆ, ಮಳೆ ಬಂದರೆ ಅರ್ಧ ಕ್ಲಾಸ್ ಖಾಲಿ. ಆಮೇಲೆ ಬಿಟ್ಟುಹೋದವರಿಗೆ ಅಂತ ಇನ್ನೊಂದು ದಿನ ಇಡ್ತಾರೆ, ಅಷ್ಟರಲ್ಲಿ ವಾಟ್ಸಾಪ್‌ನಲ್ಲಿ ಎಲ್ಲೋ ಮಕ್ಕಳು ವಾಂತಿ ಮಾಡ್ಕೊಂಡ ವಿಡಿಯೋ ಸುತ್ತಾಡಿರತ್ತೆ.

ಡಾಕ್ಟರ್_ಪಿಎಚ್‌ಸಿ
ಹುಳ ಜಾಸ್ತಿ ಇರೋ ಮಕ್ಕಳಿಗೆ ಹೊಟ್ಟೆನೋವು, ವಾಕರಿಕೆ, ವಾಂತಿ ಬರೋದುಂಟು, ಕೆಲ ಹೊತ್ತಿಗೆ ತಾನೇ ಹೋಗತ್ತೆ. ಜ್ವರದಲ್ಲಿರೋ ಮಗುವಿಗೆ ಆ ದಿನ ಕೊಡಬೇಡಿ. ಚಿಕ್ಕವರಿಗೆ ಪುಡಿ ಮಾಡಿ ನೀರಲ್ಲಿ ಕೊಡಿ, ಗಂಟಲಲ್ಲಿ ಸಿಕ್ಕಿಕೊಂಡ ಮಾತ್ರೆಯೇ ನಿಜವಾದ ಅಪಾಯ.

ಆಶಾ_ಅಕ್ಕ
ಮೇಷ್ಟ್ರೇ, ಡಬ್ಬಿ ವಿಷಯ ನಾನು ಹೇಳ್ತೀನಿ, ಈ ಕೆಲಸದಲ್ಲಿ ಕೈ ಇದೆ. ಹಳೇ ಪೇಪರ್ ಹಾಸಿ ಅದರ ಮೇಲೆ ಮಾಡಿಸೋಕೆ ಹೇಳಿ, ಕಮೋಡ್ ನೀರಿಗೆ ಬಿದ್ದದ್ದು ಬೇಡ. ಕಡ್ಡಿಯಲ್ಲಿ ಒಂದು ನೆಲ್ಲಿಕಾಯಿ ಗಾತ್ರ ಸಾಕು, ಡಬ್ಬಿ ತುಂಬಾ ತುಂಬಿಸ್ತಾರೆ ಕೆಲವರು. ಹೆಸರಿನ ಚೀಟಿ ಮುಚ್ಚಳದ ಮೇಲಲ್ಲ, ಡಬ್ಬಿಯ ಮೈಗೆ ಅಂಟಿಸಿ, ಮುಚ್ಚಳ ಅದಲು ಬದಲಾಗತ್ತೆ. ಬೆಳಿಗ್ಗೆ ಬರದಿದ್ದ ಮಗುವಿಗೆ ಬೈಬೇಡಿ, ಮರುದಿನಕ್ಕೆ ಇನ್ನೊಂದು ಅವಕಾಶ ಕೊಡಿ. ಬೈದರೆ ಏನಾಗತ್ತೆ ಗೊತ್ತಾ? ಒಬ್ಬ ತಾಯಿ ದೊಡ್ಡ ಮಗನದ್ದನ್ನೇ ಅಕ್ಕಪಕ್ಕದ ಇಬ್ಬರು ಮಕ್ಕಳ ಡಬ್ಬಿಗೂ ಹಂಚಿ ಕಳಿಸಿದ್ದಳು. "ಪಾಪ, ಅವರಿಗೆ ಬರಲಿಲ್ಲ ಅಕ್ಕ" ಅಂದಳು.

ಲ್ಯಾಬ್_ಲಲಿತ
ಅಯ್ಯೋ ಅಕ್ಕಾ 😂 ಮೂರು ಡಬ್ಬಿಯಲ್ಲೂ ಒಂದೇ ಥರ ಎಣಿಕೆ ಬಂದಾಗ ನಮಗೂ ಹೊಳೆಯತ್ತೆ.

ಕರಾವಳಿ_ಕಡಲಮ್ಮ
ಊರೆಲ್ಲ ಒಂದೇ ಹೊಟ್ಟೆ ಅನ್ನೋದು ಇದಕ್ಕೇ ಇರ್ಬೇಕು.

ಬೆಂದಕಾಳೂರು_ಬಾಲು
ನಮ್ಮ ಅಪಾರ್ಟ್‌ಮೆಂಟ್ ಗುಂಪಿನಲ್ಲಿ ಖಾಸಗಿ ಶಾಲೆಯವರು ಮಾತ್ರೆಗೆ ಒಪ್ಪಿಗೆ ಪತ್ರ ಕಳಿಸಿದ್ದಕ್ಕೆ ದೊಡ್ಡ ಚರ್ಚೆ. "ನಮ್ಮ ಮಕ್ಕಳು ಆರ್‌ಒ ನೀರು ಕುಡಿತಾರೆ" ಅಂತ. ಸರ್ವೆಗಳು ಸರ್ಕಾರಿ ಶಾಲೆಗೆ ಮಾತ್ರ ಯಾಕೆ ಹೋಗ್ತವೆ?

ಅಂಕಿ_ಗಣಪ
ಪಟ್ಟಿ ಸುಲಭವಾಗಿ ಸಿಗತ್ತೆ, ಬಾಗಿಲು ತೆಗೀತಾರೆ. ಹುಳ ಹೆಚ್ಚಿರೋ ಸಾಧ್ಯತೆಯೂ ಅಲ್ಲೇ. ಆದರೆ ಆ ಸಂಖ್ಯೆಯನ್ನ "ರಾಜ್ಯದ ಮಕ್ಕಳು" ಅಂತ ಬರೆಯುವಾಗ ಒಂದು ಸಾಲು ಅಡಿಟಿಪ್ಪಣಿ ಹಾಕಬೇಕು, ಹಾಕಲ್ಲ. ಆರ್‌ಒ ನೀರು ಕುಡಿಯೋ ಮಗು ತೊಳೆಯದ ಕೊತ್ತಂಬರಿ ತಿಂದರೂ ಸಾಕು ಅನ್ನಿ ಅವರಿಗೆ.

ಕಲಬುರ್ಗಿ_ಕಾಕಾ
ಹುಳದ ಮಾತು ಬಂದದ್ದಕ್ಕ ಹೇಳ್ತೀನಿ. ನಾವು ಸಣ್ಣವರಿದ್ದಾಗ ನಾರು ಹುಣ್ಣು ಅಂತ ಇತ್ತು. ಮೆಟ್ಟಿಲು ಬಾವಿಗೆ ಇಳಿದು ನೀರು ತುಂಬ್ತಿದ್ವಿ. ಕಾಲಾಗ ಗುಳ್ಳಿ ಎದ್ದು, ಒಡೆದು, ಬಿಳೀ ದಾರದಂಗ ಹುಳ ಹೊರಗ ಬರೋದು. ಕಡ್ಡಿಗಿ ಸುತ್ತಿ ದಿನಾ ಒಂದಿಷ್ಟು ಎಳೀತಿದ್ರು, ಹರದರ ಸಾಯೋ ಅಷ್ಟು ನೋವು. ಈಗಿನ ಹುಡುಗರಿಗೆ ಹೆಸರೂ ಗೊತ್ತಿಲ್ಲ.

ಹಳೇ_ಪುಸ್ತಕ
ಕಾಕಾ, ಅದು ದೇಶದಿಂದಲೇ ಹೋಯ್ತು. ಕೊನೇ ರೋಗಿ 1996ರ ಜುಲೈನಲ್ಲಿ ರಾಜಸ್ಥಾನದ ಜೋಧ್‌ಪುರ ಜಿಲ್ಲೆಯಲ್ಲಿ, 2000ದ ಫೆಬ್ರುವರಿಯಲ್ಲಿ ಮುಕ್ತ ಅಂತ ಪ್ರಮಾಣಪತ್ರ. ಅದಕ್ಕೆ ಮಾತ್ರೆಯೂ ಇರಲಿಲ್ಲ, ಲಸಿಕೆಯೂ ಇರಲಿಲ್ಲ. ಹಳ್ಳಿ ಹಳ್ಳಿ ಹುಡುಕಿ ಪಟ್ಟಿ ಮಾಡಿದರು, ಮೆಟ್ಟಿಲು ಬಾವಿ ಮುಚ್ಚಿದರು, ಬೋರ್‌ವೆಲ್ ಹಾಕಿಸಿದರು, ಬಟ್ಟೆಯಲ್ಲಿ ನೀರು ಸೋಸೋದು ಕಲಿಸಿದರು.

ಕಾಫಿಕಾಡು
ನೋಡಿ, ಅಲ್ಲಿ ನೀರು ಸರಿ ಮಾಡಿದರು, ಹುಳ ಹೋಯ್ತು. ಇಲ್ಲಿ ಮಾತ್ರೆ ಕೊಟ್ಟು ಕೂತಿದ್ದೀವಿ. ಲೈನ್ ಮನೆಗೆ ಕಕ್ಕಸು, ಕಾಲಿಗೆ ಗಂಬೂಟು, ಇಷ್ಟು ಮಾಡಿ ಆಮೇಲೆ ಡಬ್ಬಿ ತನ್ನಿ.

ಡಾಕ್ಟರ್_ಪಿಎಚ್‌ಸಿ
ಎರಡೂ ಬೇಕು ಸ್ವಾಮಿ. ಕಕ್ಕಸು ಕಟ್ಟೋವರೆಗೆ ಮಗು ರಕ್ತ ಕಳ್ಕೊಂಡು ಕಾಯ್ತಾ ಇರಬೇಕಾ? ಮತ್ತೆ ಕಕ್ಕಸು ಎಲ್ಲಿ ಮೊದಲು ಕಟ್ಟಬೇಕು ಅಂತ ವಾದ ಮಾಡೋಕೂ ನಿಮಗೆ ಈ ನಕ್ಷೆಯೇ ಆಧಾರ. ನಿಮ್ಮ ಎಸ್ಟೇಟ್ ಪಕ್ಕದ ಶಾಲೆಯಲ್ಲಿ ಕೊಕ್ಕೆಹುಳ ಇಳೀತಾ ಇಲ್ಲ ಅಂದ್ರೆ ಅದನ್ನ ಹಿಡಿದುಕೊಂಡೇ ಪಂಚಾಯ್ತಿಗೆ ಹೋಗಿ.

ಮಲೆನಾಡ_ಮೇಷ್ಟ್ರು
ಸಭೆಗೆ ಬೇಕಾದ್ದು ಸಿಕ್ಕಿತು. ಪೋಷಕರು ಕೇಳೇ ಕೇಳ್ತಾರೆ: ಹುಳ ಸಿಕ್ಕ ಮಕ್ಕಳ ಹೆಸರು ಬೋರ್ಡಿಗೆ ಹಾಕ್ತಾರಾ?

ಲ್ಯಾಬ್_ಲಲಿತ
ಹಾಕಬಾರದು. ಡಬ್ಬಿಯ ಮೇಲೆ ಗುರುತಿನ ಸಂಖ್ಯೆ, ವರದಿಯಲ್ಲಿ ವಲಯದ ಅಂಕಿ. ಸೋಂಕಿರೋ ಮಗುವಿಗೆ ಔಷಧಿ ಸಿಗಬೇಕು, ಅದನ್ನ ತಂಡದವರಿಂದ ಮೊದಲೇ ಬರಹದಲ್ಲಿ ತಗೊಳ್ಳಿ. ಪೋಷಕರು ಬೇಡ ಅಂದರೆ ಬೇಡ, ಒತ್ತಾಯ ಇಲ್ಲ ಅನ್ನೋದನ್ನೂ ಸಭೆಯಲ್ಲಿ ನೀವೇ ಮೊದಲು ಹೇಳಿ. ಹಾಗೆ ಹೇಳಿದ ಕಡೆ ಒಪ್ಪಿದವರು ಜಾಸ್ತಿ.

ಇಬ್ಬರ_ಅಮ್ಮ
ಚಿಕ್ಕವನಿಗೆ ಒಂದೂವರೆ ವರ್ಷ. ಅಂಗನವಾಡಿಯಲ್ಲಿ ಅವನಿಗೂ ಪೂರ್ತಿ ಮಾತ್ರೆನಾ?

ಆಶಾ_ಅಕ್ಕ
ಎರಡು ವರ್ಷದವರೆಗೆ ಅರ್ಧ ಮಾತ್ರೆ, 200 ಮಿಲಿಗ್ರಾಂ. ಎರಡು ತುಂಬಿದ ಮೇಲೆ ಪೂರ್ತಿ 400. ಒಂದು ವರ್ಷದೊಳಗಿನ ಕೂಸಿಗೆ ಇಲ್ಲ.

ಹಳ್ಳಿಹೈದ
ಮನೇಲಿ ನಾಯಿ ಇದೆ, ಅದಕ್ಕೂ ಅರ್ಧ ಮಾತ್ರೆ ಕೊಡಬಹುದಾ?

ನಿರ್ವಾಹಕ
ಹೈದ, ನಾಯಿಯ ಹುಳಕ್ಕೆ ಪಶು ವೈದ್ಯರ ಎಳೆ ಬೇರೆ ಇದೆ, ಅಲ್ಲಿ ಕೇಳಿ. ಮನುಷ್ಯರ ಮಾತ್ರೆ ಅಂದಾಜಿಗೆ ಕೊಡಬೇಡಿ.